ಅಳತೆಯ ಆರಾಧಕ ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್

ರಾಜ್ಯಗಳನ್ನು ಗೆದ್ದವರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಕಾವ್ಯಗಳನ್ನು ರಚಿಸಿದವರ ಹೆಸರು ಜನರ ನಾಲಗೆಯ ಮೇಲೆ ಉಳಿಯುತ್ತದೆ. ಆದರೆ ದಿನವೂ ನಮ್ಮ ಕೈಗೆ ಬರುವ ಒಂದು ಸಾಧಾರಣ ವಸ್ತುವಿಗೆ ತಕ್ಕ ಅಳತೆಯನ್ನು ಹುಡುಕಲು ಹೆಣಗಿದವರ ಹೆಸರು ಎಲ್ಲಿ ಉಳಿಯುತ್ತದೆ? ನಾವು ಅರ್ಜಿ ಬರೆಯುವ ಹಾಳೆ, ಅದನ್ನು ಮಡಿಸಿ ಇಡುವ ಲಕೋಟೆ, ಅದರ ಮೇಲೆ ಅಂಟಿಸುವ ವಿಳಾಸದ ಚೀಟಿ, ಇವುಗಳ ಉದ್ದಗಲಗಳನ್ನು ಯಾರೋ ಕುಳಿತು ಯೋಚಿಸಿ ಗೊತ್ತುಮಾಡಿದರೆಂಬುದು ನಮಗೆ ಹೊಳೆಯುವುದೇ ಇಲ್ಲ. ಮಳೆ ಬಿಸಿಲುಗಳಂತೆ ಅವೂ ತಾವಾಗಿಯೇ ಬಂದವೆಂದು ತಿಳಿಯುತ್ತೇವೆ. ಆ ಕೆಲಸಕ್ಕೆ ತನ್ನ ಕೀರ್ತಿಯನ್ನೂ ಹಣವನ್ನೂ ಒಡ್ಡಿ, ಸೋತು, ಸೋಲಿನಲ್ಲಿಯೂ ಗೆಲುವಿಗೆ ದಾರಿ ಮಾಡಿಕೊಟ್ಟ ಒಬ್ಬ ಮಹನೀಯನ ಜೀವನವನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಬಂದವರಿಗೆ ಆಸ್ಟ್‌ವಾಲ್ಡನ ಹೆಸರು ಹೊಸದಲ್ಲ. ದುರ್ಬಲ ಆಮ್ಲಕ್ಕೆ ನೀರು ಬೆರೆಸಿದಾಗ ಏನಾಗುವುದೆಂಬುದನ್ನು ತಿಳಿಸುವ ನಿಯಮವೂ, ಅಮೋನಿಯದಿಂದ ನೈಟ್ರಿಕ್ ಆಮ್ಲವನ್ನು ತಯಾರಿಸುವ ವಿಧಾನವೂ ಅವನ ಹೆಸರಿನಿಂದಲೇ ಪಠ್ಯಪುಸ್ತಕಗಳಲ್ಲಿವೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಮಾತ್ರ ಅವನ ಪರಿಚಯವಾದದ್ದು ಕಾಗದದ ಅಳತೆಯ ದಾರಿಯಿಂದ.

ವಿಲ್‌ಹೆಲ್ಮ್ ಆಸ್ಟ್‌ವಾಲ್ಡನು 1853ರ ಸೆಪ್ಟೆಂಬರ್ 2ರಂದು ರೀಗಾ ನಗರದಲ್ಲಿ ಜನಿಸಿದನು. ಇಂದು ಲಾಟ್ವಿಯ ದೇಶದ ರಾಜಧಾನಿಯಾಗಿರುವ ಆ ಬಂದರು ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಅಲ್ಲಿ ನೆಲಸಿದ್ದ ಜರ್ಮನ್ ಕುಟುಂಬಗಳಲ್ಲಿ ಆಸ್ಟ್‌ವಾಲ್ಡನದೂ ಒಂದು. ತಂದೆಯು ಮರದ ಪೀಪಾಯಿಗಳನ್ನು ಮಾಡುವ ಕಸಬುದಾರನು. ಪೀಪಾಯಿ ಮಾಡುವುದು ಅಳತೆಯ ಕೆಲಸ. ಒಂದು ಪಟ್ಟಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಒಳಗಿನ ದ್ರವ ಸೋರಿಹೋಗುತ್ತದೆ. ಮೂವರು ಗಂಡುಮಕ್ಕಳಲ್ಲಿ ನಡುವಿನವನಾದ ವಿಲ್‌ಹೆಲ್ಮನು ಇಂಥ ಮನೆಯಲ್ಲಿ ಬೆಳೆದನು.

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ಕಾಣಬಹುದೆನ್ನುತ್ತಾರೆ. ಆದರೆ ಈ ಹುಡುಗನ ಮೊಳಕೆಯನ್ನು ಕಂಡು ಉಪಾಧ್ಯಾಯರು ಹಿಗ್ಗಿರಲಾರರು. ಐದು ವರ್ಷಗಳಲ್ಲಿ ಮುಗಿಯಬೇಕಾದ ಶಾಲೆಯ ವ್ಯಾಸಂಗವನ್ನು ಅವನು ಏಳು ವರ್ಷಗಳಲ್ಲಿ ಮುಗಿಸಿದನು. ಮನೆಯಲ್ಲಿ ಬಾಣಬಿರುಸು ಮಾಡುವುದು, ಫೋಟೋ ತೆಗೆಯುವುದು, ಚಿತ್ರ ಬರೆಯುವುದು, ಸಂಗೀತ, ಇವೆಲ್ಲ ಪಾಠಕ್ಕಿಂತ ಅವನಿಗೆ ಪ್ರಿಯವಾಗಿದ್ದುವು. ನಮ್ಮಲ್ಲಿ ಯಾರಾದರೂ ಒಂದೆರಡು ವಿಷಯಗಳಲ್ಲಿ ಹಿಂದೆ ಬಿದ್ದು ಎದೆಗುಂದಿದ್ದರೆ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

1872ರಲ್ಲಿ ಅವನು ದೋರ್ಪಾಟ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಆ ಊರಿಗೆ ಈಗ ಟಾರ್ಟು ಎಂದು ಹೆಸರು, ಎಸ್ಟೋನಿಯ ದೇಶದಲ್ಲಿದೆ. 1878ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1880ರಲ್ಲಿ ಹೆಲೆನ್ ಎಂಬವಳನ್ನು ಮದುವೆಯಾಗಿ, ಅನಂತರ ತನ್ನ ಹುಟ್ಟೂರಿನ ತಾಂತ್ರಿಕ ವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕನಾದನು. 1887ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯವು ಅವನನ್ನು ಕರೆಸಿಕೊಂಡಿತು. ಭೌತ ರಸಾಯನವೆಂಬ ಹೊಸ ಶಾಸ್ತ್ರಕ್ಕೆ ಅಲ್ಲಿ ಅವನು ನೆಲೆ ಕಟ್ಟಿದನು. ಅದೇ ವರ್ಷ ವಾಂಟ್ ಹಾಫ್ ಎಂಬ ಡಚ್ ವಿಜ್ಞಾನಿಯೊಡನೆ ಆ ಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದನು. ನಾನಾ ದೇಶಗಳ ವಿದ್ಯಾರ್ಥಿಗಳು ಅವನ ಪ್ರಯೋಗಶಾಲೆಯನ್ನು ಹುಡುಕಿಕೊಂಡು ಬಂದರು.

ಅವನ ಸ್ವಭಾವವನ್ನು ತೋರಿಸುವ ಮೂರು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ಸ್ವೀಡನ್ ದೇಶದಲ್ಲಿ ಅರ್ಹೇನಿಯಸ್ ಎಂಬ ತರುಣನು 1884ರಲ್ಲಿ ಒಂದು ಮಹಾಪ್ರಬಂಧವನ್ನು ಬರೆದನು. ಅವನ ಪ್ರಾಧ್ಯಾಪಕರು ಅದಕ್ಕೆ ಕೆಳದರ್ಜೆಯನ್ನು ಕೊಟ್ಟರು. ಅದನ್ನು ಓದಿದ ಆಸ್ಟ್‌ವಾಲ್ಡನು ಅದರ ಬೆಲೆಯನ್ನು ಕಂಡು, ಆ ತರುಣನನ್ನು ನೋಡಲು ತಾನೇ ಸಮುದ್ರ ದಾಟಿ ಉಪ್ಸಾಲ ನಗರಕ್ಕೆ ಹೋದನು. ಆ ಅರ್ಹೇನಿಯಸನೇ ಮುಂದೆ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಎರಡನೆಯದು 1901ರ ಸಂಗತಿ. ಕೆಲಸವಿಲ್ಲದೆ ಅಲೆಯುತ್ತಿದ್ದ ಐನ್‌ಸ್ಟೈನನು ಆಸ್ಟ್‌ವಾಲ್ಡನ ಬಳಿ ಸಹಾಯಕನ ಸ್ಥಾನವನ್ನು ಬೇಡಿ ಪತ್ರ ಬರೆದನು. ಮಗನ ನಿರಾಶೆಯನ್ನು ನೋಡಲಾರದೆ, ಅವನಿಗೆ ತಿಳಿಯದಂತೆ, ಅವನ ತಂದೆಯೂ ಒಂದು ಪತ್ರ ಬರೆದನು. ಓದಿದ ಮಗನಿಗಾಗಿ ಪರಿಚಯವಿಲ್ಲದ ದೊಡ್ಡವರೊಬ್ಬರನ್ನು ಬೇಡಿಕೊಳ್ಳುವ ತಂದೆಯ ಸಂಕಟ ನಮ್ಮಂಥ ಮನೆಗಳಲ್ಲಿ ಎಲ್ಲರಿಗೂ ಅರ್ಥವಾಗುವಂಥದು. ಕೆಲಸವೇನೋ ದೊರೆಯಲಿಲ್ಲ. ಆದರೆ 1910ರ ನೊಬೆಲ್ ಪಾರಿತೋಷಕಕ್ಕೆ ಐನ್‌ಸ್ಟೈನನ ಹೆಸರನ್ನು ಎಲ್ಲರಿಗಿಂತ ಮೊದಲು ಸೂಚಿಸಿದವನು ಇದೇ ಆಸ್ಟ್‌ವಾಲ್ಡನು.

ಮೂರನೆಯದು ಪರಮಾಣುಗಳ ವಿಷಯ. ಪರಮಾಣುಗಳು ನಿಜವಾಗಿ ಇರುವುವೆಂಬುದನ್ನು ಅವನು ಬಹುಕಾಲ ಒಪ್ಪಲಿಲ್ಲ. ಜಗತ್ತಿನಲ್ಲಿರುವುದೆಲ್ಲ ಶಕ್ತಿಯೇ ಎಂಬುದು ಅವನ ಸಿದ್ಧಾಂತ. ಹೊಸ ಪ್ರಯೋಗಗಳ ಸಾಕ್ಷ್ಯ ಬಂದಾಗ, ಐವತ್ತೈದು ದಾಟಿದ ಆ ಪಂಡಿತನು ತನ್ನ ಪುಸ್ತಕದ ಮುನ್ನುಡಿಯಲ್ಲಿಯೇ ಪರಮಾಣುವಾದವನ್ನು ಒಪ್ಪಿಕೊಂಡನು. ಮಂಡಿಸಿದ ವಾದವನ್ನು ಬಿಡುವುದು ಚರ್ಚಾಸ್ಪರ್ಧೆಯಲ್ಲಿ ಭಾಗವಹಿಸುವ ನಮಗೇ ಎಷ್ಟು ಕಷ್ಟವೆಂಬುದನ್ನು ನೆನೆದರೆ ಇದರ ಹಿರಿಮೆ ತಿಳಿಯುತ್ತದೆ.

1906ರಲ್ಲಿ ಅವನು ಪ್ರಾಧ್ಯಾಪಕ ಪದವಿಯನ್ನು ಬಿಟ್ಟು ಗ್ರೋಸ್‌ಬೋಟೆನ್ ಎಂಬ ಹಳ್ಳಿಯಲ್ಲಿದ್ದ ತನ್ನ ಮನೆಗೆ ಹೋಗಿ ನೆಲಸಿದನು. ಆ ಮನೆಗೆ ಶಕ್ತಿ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದನು. 1909ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವನಿಗೆ ಬಂದಿತು. ಇಷ್ಟಾದ ಮೇಲೆ ಯಾರಾದರೂ ವಿಶ್ರಾಂತಿಯನ್ನು ಬಯಸಬಹುದಾಗಿತ್ತು. ಅವನು ಕಾಗದದ ಹಾಳೆಯನ್ನು ಕೈಗೆತ್ತಿಕೊಂಡನು.

ಶಕ್ತಿಯನ್ನು ಪೋಲುಮಾಡಬಾರದು, ಅದನ್ನು ಸದುಪಯೋಗಪಡಿಸಬೇಕು ಎಂಬುದು ಅವನಿಗೆ ಬರಿಯ ವಿಜ್ಞಾನವಾಗಿರದೆ ನೀತಿಯೇ ಆಗಿತ್ತು. ಕಾಗದದ ಲೋಕದಲ್ಲಿ ಅವನಿಗೆ ಕಂಡದ್ದು ಬರಿಯ ಪೋಲು. ಒಂದೊಂದು ದೇಶಕ್ಕೆ, ಒಂದೊಂದು ಗಿರಣಿಗೆ, ಒಂದೊಂದು ಮುದ್ರಣಾಲಯಕ್ಕೆ ಒಂದೊಂದು ಅಳತೆ. ಪುಸ್ತಕಗಳು ಗಿಡ್ಡ ಉದ್ದವಾದ್ದರಿಂದ ಕಪಾಟುಗಳಲ್ಲಿ ಸ್ಥಳ ವ್ಯರ್ಥ. ಹಾಳೆಗೆ ಸರಿಹೊಂದುವ ಲಕೋಟೆಯಿಲ್ಲ. ಕತ್ತರಿಸಿ ಎಸೆದ ಚೂರುಗಳಿಗೆ ಲೆಕ್ಕವಿಲ್ಲ. ಇಂಥ ಸ್ಥಿತಿ ನಮಗೂ ಅಪರಿಚಿತವಲ್ಲ. ನಮ್ಮ ಗ್ರಂಥಾಲಯದ ಕನ್ನಡ ಪುಸ್ತಕಗಳ ಮೊದಲ ಪುಟಗಳನ್ನು ತಿರುವಿದರೆ ಕೆಲವುದರಲ್ಲಿ ಡೆಮಿ 1/8 ಎಂದೂ ಕೆಲವುದರಲ್ಲಿ ಕ್ರೌನ್ 1/8 ಎಂದೂ ಅಚ್ಚಾಗಿರುವುದನ್ನು ಕಾಣಬಹುದು. ಇವು ಇಂಗ್ಲಿಷರ ಕಾಲದಿಂದ ಬಂದ ಅಳತೆಗಳು. ಕಛೇರಿಗಳಲ್ಲಿ ಹೇಳುವ ಫುಲ್‌ಸ್ಕೇಪ್ ಹಾಳೆಯ ಹೆಸರಿನ ಮೂಲವಂತೂ ನಗೆ ತರಿಸುವಂಥದು: ಹಿಂದೆ ಯೂರೋಪಿನಲ್ಲಿ ಆ ಕಾಗದದ ನೀರಚ್ಚಿನಲ್ಲಿ ವಿದೂಷಕನ ಕುಲಾವಿಯ ಚಿತ್ರವಿರುತ್ತಿತ್ತು.

ಹಾಗಾದರೆ ಸರಿಯಾದ ಹಾಳೆ ಯಾವುದು? ನಾನು ಗಾರೆ ಕೆಲಸದವರ ಮನೆಯಲ್ಲಿ ಹುಟ್ಟಿದವನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಒಂಬತ್ತು ಅಂಗುಲ ಉದ್ದದ ಇಟ್ಟಿಗೆಗೆ ನಾಲ್ಕೂವರೆ ಅಂಗುಲ ಅಗಲವೇಕೆಂದು ನಮ್ಮ ತಂದೆಯವರನ್ನು ಕೇಳಿದರೆ ಅವರು ಬಾಯಿಂದ ಹೇಳುವುದಿಲ್ಲ, ಎರಡು ಇಟ್ಟಿಗೆಗಳನ್ನು ಅಡ್ಡಲಾಗಿ ಜೋಡಿಸಿ ಅವುಗಳ ಮೇಲೆ ಒಂದನ್ನು ಉದ್ದಕ್ಕೆ ಇಟ್ಟು ತೋರಿಸುತ್ತಾರೆ. ಒಂದರ ಉದ್ದ ಎರಡರ ಅಗಲಕ್ಕೆ ಸರಿಹೋದರೆ ಗೋಡೆ ಬಿಗಿಯಾಗುತ್ತದೆ. ಕಾಗದಕ್ಕೂ ಇಂಥದೇ ಒಂದು ಗುಟ್ಟಿದೆ, ಆದರೆ ಲೆಕ್ಕ ಬೇರೆ. ಕಾಗದವನ್ನು ನಾವು ನಡುವೆ ಮಡಿಸುತ್ತೇವೆ. ಮಡಿಸಿದ ಮೇಲೂ ಅದರ ಆಕಾರ ಮೊದಲಿನಂತೆಯೇ ಇರಬೇಕಾದರೆ ಅಗಲ ಒಂದು ಪಾಲಿದ್ದಾಗ ಉದ್ದವು ಎರಡರ ವರ್ಗಮೂಲದಷ್ಟು, ಎಂದರೆ ಸುಮಾರು 1.414 ಪಾಲು ಇರಬೇಕು. ಬೇರೆ ಯಾವ ಪ್ರಮಾಣಕ್ಕೂ ಈ ಗುಣವಿಲ್ಲ. ಎಂಟೂವರೆ ಅಂಗುಲ ಅಗಲ, ಹದಿಮೂರೂವರೆ ಅಂಗುಲ ಉದ್ದದ ಹಾಳೆಯನ್ನು ಮಡಿಸಿ ನೋಡಿರಿ: ನೀಳವಾಗಿದ್ದ ಹಾಳೆ ಮಡಿಸಿದೊಡನೆ ಮೋಟಾಗುತ್ತದೆ. ದೊಡ್ಡದರಲ್ಲಿ ಅಂದವಾಗಿ ಕುಳಿತಿದ್ದ ಬರಹ ಚಿಕ್ಕದರಲ್ಲಿ ಕುಳಿತುಕೊಳ್ಳಲಾರದು.

ಈ ಗುಟ್ಟನ್ನು ಆಸ್ಟ್‌ವಾಲ್ಡನೇ ಮೊದಲು ಕಂಡನೆಂದು ಹೇಳಿದರೆ ತಪ್ಪಾಗುತ್ತದೆ. ಗಟಿಂಗೆನ್ನಿನ ಭೌತವಿಜ್ಞಾನಿ ಲಿಖ್ಟೆನ್‌ಬರ್ಗನು 1786ರಲ್ಲಿಯೇ ಒಂದು ಪತ್ರದಲ್ಲಿ ಇದನ್ನು ವಿವರಿಸಿದ್ದನು. ಫ್ರಾನ್ಸಿನ ಕ್ರಾಂತಿಯ ಸರ್ಕಾರವು 1798ರಲ್ಲಿ ಛಾಪಾ ಕಾಗದದ ಕಾನೂನಿನಲ್ಲಿ ಇದೇ ಪ್ರಮಾಣವನ್ನು ಬಳಸಿತ್ತು. ಅನಂತರ ಲೋಕವು ಅದನ್ನು ಮರೆತುಬಿಟ್ಟಿತು. ಆಸ್ಟ್‌ವಾಲ್ಡನ ಹಿರಿಮೆಯೆಂದರೆ ಅದನ್ನು ಎಲ್ಲ ದೇಶಗಳಿಗೂ ಒಂದೇ ಕಟ್ಟಳೆಯಾಗಿ ಮಾಡಬೇಕೆಂದು ಹೊರಟದ್ದು. 1911ರಲ್ಲಿ ಮ್ಯೂನಿಕ್ ನಗರದಲ್ಲಿ ಬ್ಯೂರರ್ ಮತ್ತು ಸಾಗರ್ ಎಂಬಿಬ್ಬರೊಡನೆ ಅವನು ಒಂದು ಸಂಸ್ಥೆಯನ್ನು ಸ್ಥಾಪಿಸಿದನು. ಅದರ ಹೆಸರಿನ ಅರ್ಥ ಸೇತುವೆ. ಲೋಕದ ವಿದ್ವಾಂಸರ ದುಡಿಮೆಯನ್ನೆಲ್ಲ ಒಂದಕ್ಕೊಂದು ಜೋಡಿಸುವುದು ಅದರ ಗುರಿ. ಒಂದೇ ಬಗೆಯ ಹಾಳೆಯು ಆ ಸೇತುವೆಯ ಒಂದು ಕಂಬ. ಎಲ್ಲರಿಗೂ ಸಮಾನವಾದ ಒಂದು ಸಹಾಯಕ ಭಾಷೆಗಾಗಿಯೂ ಅವನು ದುಡಿಯುತ್ತಿದ್ದನು. ಇಂಥ ಕಾರ್ಯಗಳಿಗೆ ತನ್ನ ಸ್ವಂತ ಹಣವನ್ನು ಸುರಿದನು.

ತನ್ನ ಅಳತೆಗೆ ವಿಶ್ವಪ್ರಮಾಣವೆಂದು ಅವನು ಹೆಸರಿಟ್ಟನು. ಒಂದು ಸೆಂಟಿಮೀಟರ್ ಅಗಲ, 1.41 ಸೆಂಟಿಮೀಟರ್ ಉದ್ದದ ಚೀಟಿಯಿಂದ ಆರಂಭಿಸಿ, ಪ್ರತಿಸಲವೂ ಇಮ್ಮಡಿಸುತ್ತ ಹೋಗುವುದು ಅದರ ಕ್ರಮ. ಲೆಕ್ಕಕ್ಕೆ ಬಹಳ ಸೊಗಸು. ಆದರೆ ಹಾಗೆ ಇಮ್ಮಡಿಸುತ್ತ ಬಂದಾಗ ಬರೆಯುವ ಕೈಗೆ ಸಿಕ್ಕ ಹಾಳೆಗಳು ಎರಡು: 16ಕ್ಕೆ 22.6 ಸೆಂಟಿಮೀಟರಿನದು ಪತ್ರ ವ್ಯವಹಾರಕ್ಕೆ ಚಿಕ್ಕದಾಯಿತು, 22.6ಕ್ಕೆ 32 ಸೆಂಟಿಮೀಟರಿನದು ದೊಡ್ಡದಾಯಿತು. ಕಛೇರಿಗಳಲ್ಲಿ ಆಗ ಬಳಕೆಯಲ್ಲಿದ್ದ ಹಾಳೆ ಇವೆರಡರ ನಡುವೆ ಬೀಳುತ್ತಿತ್ತು. ಸಿದ್ಧಾಂತದಿಂದ ಹೊರಟು ಮನುಷ್ಯನ ಮೇಜನ್ನು ಮುಟ್ಟುವ ಹೊತ್ತಿಗೆ ಅಳತೆ ತಪ್ಪಿತ್ತು.

ಒಂದೇ ಅಳತೆಯಿಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಕೇಳುವವರಿದ್ದಾರೆ. ಇದರ ಭಾರ ಬೀಳುವುದು ಯಾವಾಗಲೂ ಅರ್ಜಿ ಹಾಕುವವನ ಮೇಲೆ. ಎರಡನೆಯ ವರ್ಷದಲ್ಲಿ ನಾನು ವಿದ್ಯಾರ್ಥಿವೇತನಕ್ಕಾಗಿ ಒಂದು ಕಛೇರಿಗೆ ಅರ್ಜಿ ಒಯ್ದಿದ್ದೆನು. ಪ್ರಕಟಣೆಯಲ್ಲಿ ಹಾಳೆಯ ಅಳತೆಯ ಮಾತೇ ಇರಲಿಲ್ಲ. ದಾಖಲೆಗಳ ಪ್ರತಿಗಳು ಉದ್ದನೆಯ ಲೀಗಲ್ ಹಾಳೆಯಲ್ಲಿವೆ, ಕಡತದಲ್ಲಿ ಕೂರುವುದಿಲ್ಲ, ಎ4 ಹಾಳೆಯಲ್ಲಿ ತೆಗೆಸಿಕೊಂಡು ನಾಳೆ ಬಾ ಎಂದು ಅಲ್ಲಿಯವರು ಹಿಂದಿರುಗಿಸಿದರು. ಹನ್ನೊಂದು ಹಾಳೆಗಳ ಜೆರಾಕ್ಸ್ ಖರ್ಚು, ಎರಡು ಸಲದ ಬಸ್ ಚಾರ್ಜು, ನನ್ನೊಡನೆ ಬಂದಿದ್ದ ತಂದೆಯವರ ಎರಡು ದಿನದ ಕೂಲಿ, ಇವೆಲ್ಲ ಸೇರಿದರೆ ಬರಲಿದ್ದ ವೇತನದಲ್ಲಿ ಒಂದು ಪಾಲು ಅಲ್ಲಿಯೇ ಕಳೆದುಹೋಯಿತು. ಹಾಳೆಯ ಇತಿಹಾಸವನ್ನು ಹುಡುಕಿ ಓದಬೇಕೆಂಬ ಛಲ ನನಗೆ ಹುಟ್ಟಿದ್ದು ಆ ದಿನ. ಆಸ್ಟ್‌ವಾಲ್ಡನು ಪೋಲು ಎಂದು ಕರೆದದ್ದು ಇದನ್ನೇ ಎಂದು ನನಗೆ ತೋರುತ್ತದೆ. ಮರದ ತಿರುಳಿಗಿಂತ ಮನುಷ್ಯನ ದಿನಗಳು ಹೆಚ್ಚು ಪೋಲಾಗುತ್ತವೆ.

ಸೇತುವೆಯ ಸಂಸ್ಥೆಯು ಬಹುಕಾಲ ಬಾಳಲಿಲ್ಲ. ಹಣ ಮುಗಿದು 1914ರ ಹೊತ್ತಿಗೆ ಅದು ಮುಚ್ಚಿಹೋಯಿತು. ಅದೇ ವರ್ಷ ಮಹಾಯುದ್ಧವೂ ಬಂದಿತು. ಇಲ್ಲಿ ಆಸ್ಟ್‌ವಾಲ್ಡನ ಜೀವನದ ನೋವಿನ ಅಧ್ಯಾಯ ಬರುತ್ತದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಜರ್ಮನಿಯ ಸೇನೆಯನ್ನು ಸಮರ್ಥಿಸಿ 1914ರ ಅಕ್ಟೋಬರಿನಲ್ಲಿ ತೊಂಬತ್ತಮೂರು ಮಂದಿ ಗಣ್ಯರು ಹೊರಡಿಸಿದ ಹೇಳಿಕೆಗೆ ಅವನೂ ಸಹಿ ಹಾಕಿದನು. ಲೋಕಕ್ಕೆಲ್ಲ ಒಂದು ಹಾಳೆ, ಒಂದು ಭಾಷೆ ಬೇಕೆಂದವನು ತನ್ನ ದೇಶದ ಪಕ್ಷವನ್ನು ಹಿಡಿದು ನಿಂತನು. ಹೊರದೇಶಗಳ ಮಿತ್ರರು ದೂರವಾದರು. ಅಮೋನಿಯದಿಂದ ನೈಟ್ರಿಕ್ ಆಮ್ಲ ತೆಗೆಯುವ ಅವನ ವಿಧಾನವು ಹೊಲಕ್ಕೆ ಗೊಬ್ಬರವನ್ನು ಕೊಡಬಲ್ಲದಾಗಿತ್ತು. ಯುದ್ಧಕಾಲದಲ್ಲಿ ಅದು ಸಿಡಿಮದ್ದಿಗೂ ಒದಗಿತು. ಒಂದೇ ಅಳತೆಗೆ ಒಪ್ಪುವುದಕ್ಕೆ ಲೆಕ್ಕ ಬಲ್ಲರೆ ಸಾಲದು, ಪರಸ್ಪರ ವಿಶ್ವಾಸವೂ ಬೇಕೆಂಬ ಪಾಠವನ್ನು ಇದರಿಂದ ಕಲಿಯಬೇಕಾಗಿದೆ.

ಆದರೆ ಗುರುವಿನ ಕೈಯಲ್ಲಿ ಮುಗಿಯದ ಕೆಲಸ ಶಿಷ್ಯನ ಕೈಯಲ್ಲಿ ಮುಗಿಯಿತು. 1912ರಿಂದ 1914ರವರೆಗೆ ವಾಲ್ಟರ್ ಪೋರ್ಸ್ಟ್‌ಮನ್ ಎಂಬ ತರುಣನು ಆಸ್ಟ್‌ವಾಲ್ಡನ ಬಳಿ ಸಹಾಯಕನಾಗಿದ್ದನು. ಅವನು ಗಣಿತ ಬಲ್ಲವನು. ಗುರುವಿನ ಪ್ರಮಾಣವನ್ನು ಅವನು ಹಾಗೆಯೇ ಉಳಿಸಿಕೊಂಡನು, ಮೊದಲ ಹೆಜ್ಜೆಯನ್ನು ಮಾತ್ರ ಬದಲಿಸಿದನು. ಚಿಕ್ಕ ಚೀಟಿಯಿಂದ ಹತ್ತುವುದಕ್ಕೆ ಬದಲಾಗಿ ದೊಡ್ಡ ಹಾಳೆಯಿಂದ ಇಳಿಯತೊಡಗಿದನು. ಆ ದೊಡ್ಡ ಹಾಳೆಯ ವಿಸ್ತೀರ್ಣ ಸರಿಯಾಗಿ ಒಂದು ಚದರ ಮೀಟರು. ಅದರ ಅಳತೆ 841ಕ್ಕೆ 1189 ಮಿಲಿಮೀಟರು. ಅದೇ ಎ0. ನಡುವೆ ಮಡಿಸಿದರೆ ಎ1, ಮತ್ತೆ ಮಡಿಸಿದರೆ ಎ2. ನಾಲ್ಕನೆಯ ಮಡಿಕೆಗೆ ಬರುವುದೇ 210ಕ್ಕೆ 297 ಮಿಲಿಮೀಟರಿನ ನಮ್ಮ ಎ4. ಅದು ಬರೆಯುವ ಕೈಗೆ ಒಪ್ಪಿತು. 1922ರ ಆಗಸ್ಟ್ 18ರಂದು ಈ ಅಳತೆಗಳು ಜರ್ಮನಿಯಲ್ಲಿ 476ನೆಯ ಡಿ.ಐ.ಎನ್. ಪ್ರಮಾಣವಾಗಿ ಪ್ರಕಟವಾದುವು.

ಇದರಿಂದ ಒದಗಿದ ಸೌಕರ್ಯಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ಎ ಸಾಲಿನ ಹಾಳೆಗಳಿಗೆ ಹೊಂದುವಂತೆ ಲಕೋಟೆಗಳಿಗೆ ಸಿ ಎಂಬ ಸಾಲನ್ನು ಗೊತ್ತುಮಾಡಿದ್ದಾರೆ. ಎ4 ಹಾಳೆ ಮಡಿಸದೆ ಸಿ4 ಲಕೋಟೆಯಲ್ಲಿ ಕೂರುತ್ತದೆ. ಒಂದು ಸಲ ಮಡಿಸಿದರೆ ಸಿ5ರಲ್ಲಿ, ಎರಡು ಸಲ ಮಡಿಸಿದರೆ 114ಕ್ಕೆ 162 ಮಿಲಿಮೀಟರಿನ ಸಿ6ರಲ್ಲಿ. ಮೂರು ಪಾಲಾಗಿ ಮಡಿಸಿದರೆ 110ಕ್ಕೆ 220 ಮಿಲಿಮೀಟರಿನ ಉದ್ದ ಲಕೋಟೆಯಿದೆ. ವಿಳಾಸದ ಅಂಟುಚೀಟಿಗಳು ಬೇಕಾದರೆ ಎ4 ಹಾಳೆಯನ್ನು ಎಂಟು ಪಾಲು ಮಾಡಿರಿ: ಒಂದೊಂದೂ 105ಕ್ಕೆ 74 ಮಿಲಿಮೀಟರಿನ ಎ7, ಚೂರೂ ವ್ಯರ್ಥವಿಲ್ಲ. ತೂಕಕ್ಕೆ ತಕ್ಕಡಿಯೂ ಬೇಡ. ಚದರ ಮೀಟರಿಗೆ 80 ಗ್ರಾಮಿನ ಕಾಗದವಾದರೆ ಎ4 ಅದರ ಹದಿನಾರನೆಯ ಒಂದು ಪಾಲು, ಎಂದರೆ 5 ಗ್ರಾಮು. ಮೂರು ಹಾಳೆಗಳನ್ನು ಸಾಧಾರಣ ಲಕೋಟೆಯಲ್ಲಿಟ್ಟರೆ 20 ಗ್ರಾಮನ್ನು ಮೀರುವುದಿಲ್ಲವೆಂದು ಅಂಚೆಪೆಟ್ಟಿಗೆಯ ಬಳಿ ನಿಂತೇ ಹೇಳಬಹುದು. ಜೆರಾಕ್ಸ್ ಅಂಗಡಿಯ ಯಂತ್ರದ ಮೇಲೆ 71 ಮತ್ತು 141 ಎಂಬ ಅಂಕಿಗಳನ್ನು ಕಂಡಿರುವವರು ಅವುಗಳ ಅರ್ಥವನ್ನು ಈಗ ಊಹಿಸಬಲ್ಲರು: ಎ3ರ ಪುಟವನ್ನು ಎ4ಕ್ಕೆ ಇಳಿಸಲು ನೂರಕ್ಕೆ ಎಪ್ಪತ್ತೊಂದು, ಎ4ನ್ನು ಎ3ಕ್ಕೆ ಏರಿಸಲು ನೂರಕ್ಕೆ ನೂರನಲವತ್ತೊಂದು. ಇದೇ ಎರಡರ ವರ್ಗಮೂಲ ಅಲ್ಲಿ ಅಡಗಿ ಕುಳಿತಿದೆ.

1975ರಲ್ಲಿ ಅಂತಾರಾಷ್ಟ್ರೀಯ ಪ್ರಮಾಣ ಸಂಸ್ಥೆಯು 216ನೆಯ ಪ್ರಮಾಣವಾಗಿ ಈ ಅಳತೆಗಳನ್ನು ಅಂಗೀಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಮುಂತಾದ ಕೆಲವು ದೇಶಗಳನ್ನು ಬಿಟ್ಟರೆ ಜಗತ್ತಿನ ಬಹುಭಾಗ ಇಂದು ಎ4ನ್ನೇ ಬಳಸುತ್ತಿದೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಉದ್ದನೆಯ ಹಾಳೆಯ ಹಳೆಯ ಪದ್ಧತಿಯನ್ನು ಬಿಟ್ಟು, ಎ4ರ ಎರಡು ಮಗ್ಗುಲಲ್ಲಿಯೂ ಅಚ್ಚುಮಾಡುವ ಕ್ರಮವನ್ನು 2020ರಲ್ಲಿ ತಂದಿತು. ಅತಿ ದೊಡ್ಡ ಕಛೇರಿಗಳೂ ಬದಲಾಗಬಲ್ಲವೆಂಬುದಕ್ಕೆ ಇದು ಸಾಕ್ಷಿ.

ಇತ್ತ ವೃದ್ಧನಾದ ಆಸ್ಟ್‌ವಾಲ್ಡನು ಸುಮ್ಮನೆ ಕೂರಲಿಲ್ಲ. ಕಾಗದವನ್ನು ಬಿಟ್ಟು ಬಣ್ಣಗಳನ್ನು ಹಿಡಿದನು. ಹಾಳೆಗಳಿಗೆ ಕ್ರಮ ತಂದಂತೆ ಬಣ್ಣಗಳಿಗೂ ಅಳತೆಯನ್ನೂ ಅಂಕಿಗಳನ್ನೂ ಕೊಡಬೇಕೆಂದು ಕೊನೆಯವರೆಗೂ ದುಡಿದನು. ಬಾಲ್ಯದಲ್ಲಿ ಪಾಠ ಬಿಟ್ಟು ಚಿತ್ರ ಬರೆಯುತ್ತಿದ್ದ ಹುಡುಗನು ಹೀಗೆ ತನ್ನ ಮೊದಲ ಪ್ರೀತಿಗೇ ಹಿಂದಿರುಗಿದನು. 1932ರ ಏಪ್ರಿಲ್ 4ರಂದು ಲೈಪ್‌ಜಿಗ್ ನಗರದಲ್ಲಿ ಅವನು ಕಾಲವಾದನು. ಶಿಷ್ಯನ ಅಳತೆ ದೇಶದ ಪ್ರಮಾಣವಾಗಿ ಆಗಲೇ ಹತ್ತು ವರ್ಷಗಳಾಗುತ್ತ ಬಂದಿದ್ದುವು. ಹಳ್ಳಿಯ ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅವನ ಸ್ವಂತ ವಿಶ್ವಪ್ರಮಾಣವೂ ಪೂರ್ತಿಯಾಗಿ ಅಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಗೋಡೆಗಳ ಮೇಲೆ ಅಂಟಿಸುವ ಭಿತ್ತಿಪತ್ರಗಳಲ್ಲಿ 90.5ಕ್ಕೆ 128 ಸೆಂಟಿಮೀಟರಿನ ಅವನ ಹಾಳೆ ನೆಲೆಯೂರಿತು.

ಈ ಜೀವನವನ್ನು ಓದುತ್ತ ನನಗೆ ಪೋರ್ಸ್ಟ್‌ಮನ್ನನೇ ಮತ್ತೆ ಮತ್ತೆ ನೆನಪಾದನು. ಗುರುವನ್ನು ಅವನು ತಿರಸ್ಕರಿಸಲಿಲ್ಲ, ಕಣ್ಣು ಮುಚ್ಚಿ ಹಿಂಬಾಲಿಸಲೂ ಇಲ್ಲ. ಲೆಕ್ಕ ಸರಿಯಾಗಿದೆ, ಹೊರಟ ಸ್ಥಳ ಸರಿಯಿಲ್ಲ ಎಂದು ಕಂಡುಕೊಂಡನು. ನಮಗೆ ಪಾಠ ಹೇಳಿದ ಗುರುಗಳೂ ನಮ್ಮಿಂದ ನಿರೀಕ್ಷಿಸುವುದು ಇಂಥ ಶಿಷ್ಯತ್ವವನ್ನೇ ಎಂದು ನಂಬಿದ್ದೇನೆ. ನಮ್ಮಲ್ಲಿ ಕೆಲವರು ನಾಳೆ ಗುಮಾಸ್ತರಾಗಿ, ಉಪಾಧ್ಯಾಯರಾಗಿ, ಅಧಿಕಾರಿಗಳಾಗಿ ಮೇಜಿನ ಆ ಬದಿಯಲ್ಲಿ ಕೂರುವೆವು. ಆಗ ಪ್ರಕಟಣೆಯನ್ನು ಬರೆಯುವವರು ನಾವೇ. ಅದರಲ್ಲಿ ಹಾಳೆಯ ಅಳತೆ ಇಂಥದು, ಲಕೋಟೆ ಇಂಥದು ಎಂದು ಒಂದು ಸಾಲನ್ನು ಸೇರಿಸಲು ಅರ್ಧ ನಿಮಿಷ ಸಾಕು. ಆ ಒಂದು ಸಾಲಿನಿಂದ ದೂರದ ಹಳ್ಳಿಯ ಯಾರದೋ ಎರಡು ದಿನದ ಕೂಲಿ ಉಳಿಯುತ್ತದೆ.